ಹತ್ತೊಂಬತ್ತು ಕೆಂಪು ಹೆಸರುಗಳು

ಆ ಸೋಮವಾರ ಬೆಳಗ್ಗೆ ಆಶಾರಾಣಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂತರಸನಹಳ್ಳಿಯ ಕಾರ್ಖಾನೆಯ ಗೇಟಿನೊಳಗೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯುವುದನ್ನೇ ಮರೆತು ತನ್ನ ಕೋಣೆಯ ಕಡೆ ಹೊರಟಳು. ಸೆಕ್ಯುರಿಟಿ ಅಡವಿಯಪ್ಪ ಹಿಂದಿನಿಂದ, "ಮೇಡಂ, ತಲೆ ಮೇಲಿರೋದು ಇಳಿಸ್ಕಳಿ, ಒಳಗೆ ಯಾರೂ ನಿಮ್ಗೆ ಹೊಡಿಯಾಕಿಲ್ಲ" ಅಂತ ಕೂಗಿದ್ದೂ ಅವಳ ಕಿವಿಗೆ ಬೀಳಲಿಲ್ಲ.

ಸಂಭ್ರಮಕ್ಕೆ ಕಾರಣವಿತ್ತು. ಕುಣಿಗಲ್ಲಿನಲ್ಲಿ ಬಿ.ಕಾಂ. ಮುಗಿಸಿ, ಇದೇ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಗುಮಾಸ್ತೆಯಾಗಿ ಸೇರಿ, ಹನ್ನೆರಡು ವರ್ಷದಲ್ಲಿ ಎಚ್.ಆರ್. ಮ್ಯಾನೇಜರ್ ಕುರ್ಚಿಯವರೆಗೆ ಬಂದವಳು ಅವಳು. ಎಂ.ಬಿ.ಎ. ಇಲ್ಲ ಅನ್ನುವ ಮುಳ್ಳೊಂದು ಒಳಗೊಳಗೇ ಚುಚ್ಚುತ್ತಿತ್ತು. ಅದನ್ನು ಕಿತ್ತುಹಾಕಲೆಂದೇ ಆರು ತಿಂಗಳು, ಅಡುಗೆಮನೆಯ ಕಟ್ಟೆಗೆ ಫೋನ್ ಒರಗಿಸಿಕೊಂಡು ಒಂದು ಆನ್‌ಲೈನ್ ಕೋರ್ಸ್ ಮಾಡಿದ್ದಳು. ಸಾರಿಗೆ ಎರಡು ಸಲ ಉಪ್ಪು ಬಿದ್ದ ದಿನಗಳೂ ಉಂಟು. ಕೆಲಸಗಾರರ ಹಾಜರಿಯನ್ನು ಕಂಪ್ಯೂಟರಿಗೆ ಉಣಿಸಿ, ಇವರಲ್ಲಿ ಯಾರು ಸದ್ಯದಲ್ಲೇ ಕೆಲಸ ಬಿಡುತ್ತಾರೆ ಎಂದು ಮೊದಲೇ ಹೇಳುವ ವಿದ್ಯೆ ಅದು.

ಈಗಿನ ಕಾಲದ ಎಚ್.ಆರ್.ನವರನ್ನು ಯಾರನ್ನೇ ಕೇಳಿ ನೋಡಿ, ನಿದ್ದೆ ಕೆಡಿಸುವ ಸಂಗತಿ ಇದೇ. ತುಮಕೂರಿನ ಸುತ್ತ ವರ್ಷಕ್ಕೊಂದು ಹೊಸ ಕಾರ್ಖಾನೆ ಏಳುತ್ತದೆ. ನಾವು ಮೂರು ತಿಂಗಳು ಕೈಹಿಡಿದು ಕಲಿಸಿದ ಹುಡುಗಿ ನಾಲ್ಕನೇ ತಿಂಗಳು ಪಕ್ಕದ ಗೇಟಿನೊಳಗೆ ನಗುತ್ತಾ ಹೋಗುತ್ತಿರುತ್ತಾಳೆ. ಬೈಕು ಸ್ಕೂಟರುಗಳ ಒಳಗೆ ಹಾಯುವ ವೈರುಗಳನ್ನು ಕಂತೆ ಕಟ್ಟುವ ಆಶಾರಾಣಿಯ ಕಾರ್ಖಾನೆಯಲ್ಲೂ ಅದೇ ಗೋಳು.

ಆಗಸ್ಟ್‌ನಿಂದ ನವೆಂಬರ್‌ ಅರ್ಧದವರೆಗಿನ ಹಾಜರಿಯನ್ನು ಅವಳು ಕಂಪ್ಯೂಟರಿಗೆ ಕೊಟ್ಟಳು. ಪರದೆಯ ಮೇಲೆ ಹತ್ತೊಂಬತ್ತು ಹೆಸರು ಕೆಂಪಗೆ ಎದ್ದು ನಿಂತವು. ಹತ್ತೊಂಬತ್ತೂ ಹೆಂಗಸರು, ಹತ್ತೊಂಬತ್ತೂ ಹನ್ನೊಂದು ತಿಂಗಳು ಕಳೆದ ಟ್ರೈನಿಗಳು, ಈ ತಿಂಗಳ ಕೊನೆಗೆ ಖಾಯಂ ಆಗಬೇಕಾದವರು. ತಮ್ಮ ಪಾಳಿಗೆ ಪದೇ ಪದೇ ಗೈರು, ತಮ್ಮದಲ್ಲದ ಪಾಳಿಯಲ್ಲಿ ಹಾಜರು. 'ಬಿಡುವವರು ಮೊದಲು ಹೊತ್ತುಗೊತ್ತು ತಪ್ಪುತ್ತಾರೆ' ಎಂದು ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರಲ್ಲ, ಅಚ್ಚು ಹಾಕಿದ ಹಾಗೆ ಹೊಂದುತ್ತಿತ್ತು! ಅವಳು ಆ ಪಟ್ಟಿಯನ್ನು ಬೆಂಗಳೂರಿನ ಹೆಡ್ ಆಫೀಸಿಗೆ ಕಳಿಸಿಯೂಬಿಟ್ಟಳು.

ಹನ್ನೊಂದು ಗಂಟೆಗೆ ಕಂಪನಿಯ ಎಚ್.ಆರ್. ಮುಖ್ಯಸ್ಥ ರೇಣುಕಾಪ್ರಸಾದ್ ಅವರೇ ಫೋನ್ ಮಾಡಿದರು.

"ಆಶಾರಾಣಿ, ಏನ್ರೀ ಇದು, ನಮ್ಮ ಆರು ಪ್ಲಾಂಟಲ್ಲಿ ಯಾರೂ ಮಾಡದೇ ಇರೋದನ್ನ ಮಾಡಿಬಿಟ್ಟಿದೀರಿ! ಶನಿವಾರ ತುಮಕೂರಲ್ಲಿ ಜಿಲ್ಲೆಯ ಎಚ್.ಆರ್.ನೋರ ಕಾರ್ಯಾಗಾರ ಇದೆಯಲ್ಲ, ಅಲ್ಲಿ ಇದನ್ನೇ ಹೇಳಿ. ನಾನೂ ಬರ್ತೀನಿ. ಆಮೇಲೆ, ಆ ಹತ್ತೊಂಬತ್ತು ಜನಕ್ಕೆ ಖಾಯಂ ಪತ್ರ ಕೊಡಬೇಡಿ. ಹೆಂಗೂ ಬಿಟ್ಟು ಹೋಗೋರು. ಮುಂದಿನ ಸೋಮವಾರದಿಂದ ಕಾಂಟ್ರ್ಯಾಕ್ಟ್ ಜನ ಕಳಿಸ್ತೀನಿ."

ಮಾತಿನ ಮೊದಲರ್ಧಕ್ಕೆ ಅವಳ ಎದೆ ಉಬ್ಬಿತು. ಎರಡನೆಯ ಅರ್ಧ ತಲೆಗೆ ಇಳಿಯುವ ಹೊತ್ತಿಗೆ ಫೋನ್ ಕಟ್ಟಾಗಿತ್ತು.

ಮಂಗಳವಾರ ಬೆಳಗ್ಗೆ ಲೈನ್ ಸೂಪರ್‌ವೈಸರ್ ಗಂಗರಾಜುವನ್ನು ಕರೆದು ಪಟ್ಟಿ ತೋರಿಸಿದಳು. ಐವತ್ತು ದಾಟಿದ ಆಸಾಮಿ. ಮೂಗಿನ ತುದಿಯ ಕನ್ನಡಕದ ಮೇಲಿಂದ ಪಟ್ಟಿಯನ್ನೂ ಅವಳನ್ನೂ ಒಂದೊಂದು ಸಲ ನೋಡಿದ.

"ಇವ್ರು ಕೆಲ್ಸ ಬುಡ್ತಾರಾ? ಯಾರಂದ್ರು ಮೇಡಂ?"

"ಕಂಪ್ಯೂಟರ್ ಹೇಳ್ತಿದೆ ಗಂಗರಾಜಣ್ಣ."

"ಹಂಗಾದ್ರೆ ಕಂಪ್ಯೂಟರನ್ನೇ ಲೈನಲ್ಲಿ ಕೂರ್ಸಿ. ನನ್ನ ಕೈಯಾಗಿನ ಒಳ್ಳೊಳ್ಳೆ ಬೆರಳೆಲ್ಲಾ ಈ ಪಟ್ಟೀಲೇ ಅವೆ."

"ಮತ್ತೆ ಇಷ್ಟೊಂದು ಗೈರು? ನರಸಿಂಹಮ್ಮ ಒಬ್ಬರೇ ಹದಿನಾಲ್ಕು ದಿನ ತಮ್ಮ ಪಾಳಿಗೆ ಬಂದಿಲ್ಲ."

ಗಂಗರಾಜು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನನ್ನ ಲೈನಲ್ಲಿ ನಲವತ್ತೆರಡು ಕುರ್ಚಿ. ಒಂದೋ ಎರಡೋ ದಿನ ಬುಟ್ರೆ ಎಂದೂ ಒಂದು ಕುರ್ಚಿ ಖಾಲಿ ಇರ್ಲಿಲ್ಲ. ನಾನು ಕುರ್ಚಿ ಎಣಿಸ್ತೀನಿ ಮೇಡಂ, ಯಾರ ಕುರ್ಚೀಲಿ ಯಾರವ್ರೆ ಅಂತ ನೋಡಾಕೋಗಲ್ಲ. ಅದ್ರ ಮೇಲೆ ಏನೂ ಕೇಳ್ಬೇಡಿ."

ಆಶಾರಾಣಿ ತಾನು ಕಳಿಸಿದ ಹಾಳೆಯನ್ನು ಮತ್ತೆ ತೆರೆದಳು. ಹೆಸರುಗಳ ಮುಂದಿನ ಗೈರನ್ನು ಬಿಟ್ಟು, ಈ ಸಲ ಆ ಲೈನಿನಲ್ಲಿ ಪಾಳಿಗೆ ಎಷ್ಟು ಜನ ಅಂತ ದಿನದಿನಕ್ಕೆ ತಲೆ ಎಣಿಸಿದಳು. ನಲವತ್ತೆರಡು, ನಲವತ್ತೆರಡು, ನಲವತ್ತೆರಡು. ಒಬ್ಬೊಬ್ಬರ ಮೂರೂವರೆ ತಿಂಗಳ ಗೈರನ್ನು ಜಾಲಾಡಿದವಳು, ಕುರ್ಚಿ ತುಂಬಿತ್ತಾ ಅಂತ ಒಂದು ದಿನವೂ ನೋಡಿರಲಿಲ್ಲ!

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನರಸಿಂಹಮ್ಮನ ಪಕ್ಕ ತಟ್ಟೆ ಇಟ್ಟುಕೊಂಡು ಕೂತಳು. ನರಸಿಂಹಮ್ಮ ಸಿ.ಎಸ್. ಪುರದ ಕಡೆಯವಳು, ಮೂವತ್ತೆಂಟು ವರ್ಷದ ಟ್ರೈನಿ. "ಮಗ್ಳು ಪಿಯುಸಿ ಓದ್ತಾವ್ಳೆ, ನಾನಿನ್ನೂ ಕಲಿಯೋಳು" ಅಂತ ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವ ಹೆಂಗಸು. ಆಶಾರಾಣಿ "ನಿಮ್ಮ ಪಾಳಿ…" ಅನ್ನುತ್ತಿದ್ದ ಹಾಗೇ ಆ ಬಾಯಿಗೆ ಬೀಗ ಬಿತ್ತು.

"ತಪ್ಪಾಗಿದ್ರೆ ಕ್ಷಮ್ಸಿ ಮೇಡಂ. ಇನ್ಮೇಲೆ ಸರಿಯಾಗಿ ಬರ್ತೀನಿ." ಅಷ್ಟೇ. ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಎಚ್.ಆರ್. ಪಕ್ಕಕ್ಕೆ ಬಂದು ಕೂತರೆ ಯಾರಿಗೆ ತಾನೇ ಮುದ್ದೆ ಇಳಿಯುತ್ತದೆ?

ಬುಧವಾರ ಆಶಾರಾಣಿ ಒಂದು ತೀರ್ಮಾನ ಮಾಡಿದಳು. ಎರಡು ಗಂಟೆಗೆ ಮೊದಲ ಪಾಳಿ ಬಿಟ್ಟಾಗ ಸ್ಕೂಟರನ್ನು ಕಾರ್ಖಾನೆಯಲ್ಲೇ ಬಿಟ್ಟು, ಆ ಹೆಂಗಸರು ಹಿಡಿಯುವ ಬಸ್ಸನ್ನೇ ತುಮಕೂರಿನಲ್ಲಿ ಹತ್ತಿದಳು. ಗುಬ್ಬಿಯ ಮೇಲೆ ಸಿ.ಎಸ್. ಪುರಕ್ಕೆ ಹೋಗುವ ಸರ್ಕಾರಿ ಬಸ್ಸು. ನರಸಿಂಹಮ್ಮ ಮುಂದಿನ ಸೀಟಿನಲ್ಲಿದ್ದಳು. ಈಕೆ ಹಿಂದಿನ ಬಾಗಿಲಲ್ಲಿ ಹತ್ತಿ ಇಬ್ಬರು ದಪ್ಪ ಅಜ್ಜಿಯರ ಮರೆಯಲ್ಲಿ ನಿಂತಳು. ಕದ್ದು ಕೇಳಬೇಕೆಂದಲ್ಲ. ಜಾಗ ಇದ್ದದ್ದೇ ಅಲ್ಲಿ.

ಬಸ್ಸಿನೊಳಗೆ ಈ ಹೆಂಗಸರ ನಾಲಿಗೆಯೇ ಬೇರೆ. ಲೈನಿನಲ್ಲಿ 'ಹ್ಞೂಂ ಮೇಡಂ' ಬಿಟ್ಟರೆ ಬಾಯಿ ಬಿಡದ, ಅದೇ ಕೆಂಪು ಪಟ್ಟಿಯ ಕೋಮಲಾ ಇಲ್ಲಿ ಕಂಡಕ್ಟರನ್ನೇ ಗದರುತ್ತಿದ್ದಳು. "ಆಧಾರ್ ದಿನಾ ತೋರ್ಸೋದೇನ್ಲಾ? ನಿನ್ನೆ ನೋಡಿದ ಮೂತೀನೆ ಇದು, ಬದಲಾಗಿಲ್ಲ!"

ನಗು ಇಳಿದ ಮೇಲೆ ಕೋಮಲಾ ನರಸಿಂಹಮ್ಮನ ಕಡೆ ತಿರುಗಿದಳು. "ನರಸಕ್ಕ, ಶುಕ್ರವಾರ ನಮ್ದು ರಾಗಿ ಕೊಯ್ಲು. ಅವತ್ತು ನಿಂಗೆ ವಾರದ ರಜೆ ಅಲ್ವಾ, ನನ್ನ ಎರಡನೇ ಪಾಳಿಗೆ ನೀನು ಕೂತ್ಕ."

"ಕೂತ್ಕತೀನಿ ಬುಡೇ. ನನ್ನ ಮಗ್ಳ ಕಾಲೇಜಿಗೆ ಹೋದಾಗ ನೀನು ಕೂತಿದ್ಯಲ್ಲ, ಆ ಮುಯ್ಯಿ ತೀರ್ತು."

ಮುಯ್ಯಿ!

ಆಶಾರಾಣಿ ಬಸ್ಸಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಯ್ಯೋ ನನ್ನ ತಲೆಯೇ! ಕುಣಿಗಲ್ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವಳು ತಾನು. ಇವತ್ತು ನಮ್ಮ ಹೊಲಕ್ಕೆ ನೀನು ಬಾ, ನಾಳೆ ನಿಮ್ಮ ಹೊಲಕ್ಕೆ ನಾನು ಬರುತ್ತೇನೆ, ಕೂಲಿಯಿಲ್ಲ, ಕಾಗದವಿಲ್ಲ, ಆಳಿಗೆ ಆಳು. ಅವ್ವ ಸಿದ್ದಲಕ್ಷ್ಮಮ್ಮನ ಸೆರಗು ಹಿಡಿದು ಎಷ್ಟು ಮುಯ್ಯಿಗೆ ಹೋಗಿಲ್ಲ ಅವಳು! ಅದನ್ನೇ ಈ ಹೆಂಗಸರು ಹೊಲದಿಂದ ಎತ್ತಿ ತಂದು ಕಾರ್ಖಾನೆಯ ಕುರ್ಚಿಯ ಮೇಲೆ ಇಟ್ಟಿದ್ದಾರೆ. ವಾರದ ರಜೆ ಬಿಟ್ಟರೆ ಟ್ರೈನಿಗಳಿಗೆ ತಿಂಗಳಿಗೆ ಒಂದೇ ರಜೆ. ಅದನ್ನೂ ಫೋನಿನ ಆ್ಯಪಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಕೇಳಬೇಕು, ಒಪ್ಪಿಗೆ ಬರಲು ನಾಲ್ಕು ದಿನ. ಹೊಲದ ರಾಗಿ ನಾಲ್ಕು ದಿನ ಕಾಯುತ್ತದೆಯೇ?

ಇವರು ಬಿಟ್ಟು ಹೋಗುವವರಲ್ಲ. ಬಿಡಬಾರದು ಅಂತಲೇ ಇಷ್ಟೆಲ್ಲ ಹೆಣಗುತ್ತಿರುವವರು! ಅವಳಿಗೆ ಜೋರಾಗಿ ನಗು ಬಂತು, ನಕ್ಕೂ ನಕ್ಕಳು. ಅಜ್ಜಿಯರಿಬ್ಬರೂ ಪಕ್ಕಕ್ಕೆ ಸರಿದರು. ಸರಿದ ಕಿಂಡಿಯಿಂದ ನರಸಿಂಹಮ್ಮನಿಗೆ ಎಚ್.ಆರ್. ಮೇಡಂ ಕಂಡುಬಿಟ್ಟಳು.

ಗುಬ್ಬಿ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಇಬ್ಬರೂ ಟೀ ಅಂಗಡಿಯ ಬೆಂಚಿನ ಮೇಲೆ ಕೂತರು. ಆಶಾರಾಣಿ ಒಂದನ್ನೂ ಮುಚ್ಚಿಡದೆ ಹೇಳಿದಳು: ಪಟ್ಟಿ ಮಾಡಿದ್ದು ತಾನೇ, ಕಳಿಸಿದ್ದು ತಾನೇ, ಸೋಮವಾರ ಬೇರೆ ಜನ ಬರುತ್ತಾರೆ, ಶನಿವಾರದೊಳಗೆ ಏನಾದರೂ ಮಾಡಬೇಕು.

ನರಸಿಂಹಮ್ಮ ಟೀಯನ್ನು ಕೊನೆಯ ಗುಟುಕಿನವರೆಗೆ ಕುಡಿದಳು. ಆಮೇಲೆ, "ನೀವು ಕುಣಿಗಲ್ ಕಡೇರು ಅಲ್ವಾ ಮೇಡಂ?" ಅಂದಳು.

"ಹೂಂ."

"ಮುಯ್ಯಾಳು ಗೊತ್ತಿರೋ ಊರವ್ರೇ ಹಿಂಗ್ ಮಾಡುದ್ರೆ, ಗೊತ್ತಿಲ್ದೋರು ಇನ್ನೇನು ಮಾಡ್ಯಾರು?"

ಆ ಮಾತು ಸೀದಾ ಹೋಗಿ ನಾಟಿತು. ಅಲ್ಲೇ ಬೆಂಚಿನ ಮೇಲಿಂದಲೇ ಆಶಾರಾಣಿ ರೇಣುಕಾಪ್ರಸಾದ್ ಅವರಿಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು ಅಂದರು: "ಆಶಾರಾಣಿ, ಬಸ್ಸಲ್ಲಿ ಕೇಳಿದ್ದು ಪುರಾವೆ ಆಗಲ್ಲ. ಯಾರ ಬದಲು ಯಾರು, ಯಾವತ್ತು, ದಾಖಲೆ ಇದೆಯಾ? ಇದ್ರೆ ಶನಿವಾರ ತೋರಿಸಿ. ಇಲ್ದಿದ್ರೆ ಸೋಮವಾರದ್ದು ಸೋಮವಾರವೇ."

"ಯಾವತ್ತು ಯಾರ ಬದಲು ಯಾರು ಅಂತ ಎಲ್ಲಾದ್ರೂ ಬರ್ದಿಟ್ಟಿದೀರಾ?" ಅಂತ ಆಶಾರಾಣಿ ಆಸೆಯಿಂದ ಕೇಳಿದಳು.

"ಬರಿಯೋದ್ಯಾತಕ್ಕೆ?" ನರಸಿಂಹಮ್ಮ ಲೋಟ ಕೆಳಗಿಟ್ಟು ಹಣೆ ಮುಟ್ಟಿಕೊಂಡಳು. "ಎಲ್ಲಾ ಇಲ್ಲೈತೆ. ಯಾರ್ಗೆ ಯಾರು ಕೂತ್ರು ಅಂತ ನಮ್ಮೋರೆಲ್ಲ ನನ್ನೇ ಕೇಳೋದು."

ಆಶಾರಾಣಿ ಬೆಂಚಿನಿಂದ ಎದ್ದೇ ನಿಂತಳು. "ಹಂಗಾದ್ರೆ ಶನಿವಾರ ನೀವೇ ಬರ್ಬೇಕು ನರಸಿಂಹಮ್ಮ!"

"ನಾನಾ? ಸೂಟು ಬೂಟಿನೋರ ಮುಂದೆ? ನನ್ನ ಪಾಳಿಗೆ?"

ಬಸ್ಸಿನ ಕಿಟಕಿಯಿಂದ ಕೋಮಲಾ ತಲೆ ಹಾಕಿದಳು. ಎಲ್ಲವೂ ಅವಳಿಗೆ ಕೇಳಿಸಿತ್ತು. "ಹೋಗಕ್ಕ! ಶನಿವಾರ ನಾನು ಕೂತ್ಕತೀನಿ!"

ಶನಿವಾರ, ಬಿ.ಎಚ್. ರಸ್ತೆಯ ಹೋಟೆಲೊಂದರ ಮಹಡಿಯ ಸಭಾಂಗಣ. ಜಿಲ್ಲೆಯ ಅರವತ್ತು ಎಪ್ಪತ್ತು ಎಚ್.ಆರ್. ಮ್ಯಾನೇಜರುಗಳು, ಕೊರಳಿಗೆ ಹೆಸರಿನ ಕಾರ್ಡು, ಕೈಯಲ್ಲಿ ಕಾಫಿ. ಬೆಳಗ್ಗೆಯಿಂದ ಹೊಸ ಕಾರ್ಮಿಕ ಕಾನೂನು, ಕಿರುಕುಳದ ದೂರು ಸಮಿತಿ, ಕೆಲಸ ಕೇಳಿ ಬರುವ ಅರ್ಜಿಗಳನ್ನು ಕಂಪ್ಯೂಟರ್ ಸೋಸುವುದು, ಇವೆಲ್ಲ ಆಗಿ ಅರ್ಧ ಜನಕ್ಕೆ ತೂಕಡಿಕೆ. ಮೊದಲ ಸಾಲಿನಲ್ಲಿ ರೇಣುಕಾಪ್ರಸಾದ್. ಕೊನೆಯ ಸಾಲಿನಲ್ಲಿ, ರೇಷ್ಮೆಯ ಅಂಚಿನ ಸೀರೆಯುಟ್ಟು, ಚೀಲವನ್ನು ತೊಡೆಯ ಮೇಲೆ ಭದ್ರವಾಗಿ ಇಟ್ಟುಕೊಂಡ ನರಸಿಂಹಮ್ಮ.

ಆಶಾರಾಣಿ ವೇದಿಕೆ ಹತ್ತಿದಳು. ಮೊದಲು ತನ್ನ ಕೆಂಪು ಪಟ್ಟಿ ತೋರಿಸಿದಳು. ಜನ ತಲೆದೂಗಿದರು, ಕೆಲವರು ಫೋಟೋ ತೆಗೆದುಕೊಂಡರು.

"ಚೆನ್ನಾಗಿದೆ ಅಲ್ವಾ? ಇದು ಪೂರ್ತಿ ತಪ್ಪು. ತಪ್ಪು ಮಾಡಿದೋಳು ನಾನು," ಅಂದಳು.

ತೂಕಡಿಸುತ್ತಿದ್ದವರೆಲ್ಲ ಎಚ್ಚರಾದರು. ನಡೆದದ್ದನ್ನು ಅವಳು ಐದು ನಿಮಿಷದಲ್ಲಿ ಹೇಳಿ, ನರಸಿಂಹಮ್ಮನನ್ನು ಮುಂದಕ್ಕೆ ಕರೆದು ಕುರ್ಚಿಯಲ್ಲಿ ಪರದೆಗೆ ಬೆನ್ನು ಮಾಡಿ ಕೂರಿಸಿದಳು. ಹಾಜರಿ ಪಟ್ಟಿ ಪರದೆಯ ಮೇಲೆ ಬಂತು. "ಯಾವ ದಿನಾಂಕ ಬೇಕಾದ್ರೂ ಕೇಳಿ. ಅವತ್ತು ಈ ಹತ್ತೊಂಬತ್ತು ಜನದಲ್ಲಿ ಯಾರ ಬದಲು ಯಾರು ಕೂತಿದ್ರು ಅಂತ ಇವರು ಹೇಳ್ತಾರೆ."

ಮೊದಲು ಎದ್ದವರು ಕುಣಿಗಲ್ಲಿನ ಕಾರ್ಖಾನೆಯೊಂದರ ಮ್ಯಾನೇಜರ್ ಅಪ್ಪಾಜಿ. ಮೀಸೆಯಡಿ ನಗು. "ಅಕ್ಟೋಬರ್ ಏಳು!"

ನರಸಿಂಹಮ್ಮ ಆಶಾರಾಣಿಯ ಮುಖ ನೋಡಿದಳು. "ತಾರೀಕು ಗೀರೀಕು ನಂಗೆ ಗೊತ್ತಾಗಕಿಲ್ಲ. ಅದ್ರ ಹತ್ರ ಏನಿತ್ತು ಹೇಳಿ."

"ಆಯುಧ ಪೂಜೆ ಆಗಿ ಮುಂದಿನ ಮಂಗಳವಾರ," ಅಂದಳು ಆಶಾರಾಣಿ.

"ಓ! ಬೆಳಗಿನ ಪಾಳೀಲಿ ಕೃತಿಕಾಗೆ ಕೋಮಲಾ ಕೂತಿದ್ಲು. ಕೃತಿಕಾನ ಅತ್ತೆಗೆ ಕಣ್ಣಾಪರೇಷನ್."

ಎಲ್ಲರ ಕಣ್ಣೂ ಪರದೆಗೆ ಹೋಯಿತು. ಕೃತಿಕಾ: ಗೈರು. ಕೋಮಲಾ: ಬೆಳಗ್ಗೆ ಐದು ಐವತ್ತೆರಡಕ್ಕೆ ಹಾಜರು. ಸಭೆಯಲ್ಲಿ 'ಹೋ' ಅಂತ ಒಂದು ಅಲೆ ಎದ್ದಿತು.

"ಆಗಸ್ಟ್ ಇಪ್ಪತ್ತೆಂಟು!" ಎಡಗಡೆಯಿಂದ ಇನ್ನೊಂದು ದನಿ.

"ಗಣೇಶನ ಹಬ್ಬದ ಮಾರನೇ ದಿನ," ಆಶಾರಾಣಿ ಅನುವಾದಿಸಿದಳು.

"ಅವತ್ತು ಮೂವರು. ನನ್ ಬದಲು ಕೃತಿಕಾ…" ಅಂತ ಶುರು ಮಾಡಿ, ಉಸಿರು ತೆಗೆದುಕೊಳ್ಳದೆ ಮೂರೂ ಜೋಡಿ ಹೇಳಿದಳು. ಮೂರೂ ಸರಿ. ಈಗ ಜನ ಎದ್ದು ನಿಂತು ಕೇಳತೊಡಗಿದರು. ದಿನಾಂಕದ ಮೇಲೆ ದಿನಾಂಕ. ಶ್ರಾವಣದ ಕೊನೆಯ ಶನಿವಾರ, ದೀಪಾವಳಿಗೆ ಎರಡು ದಿನ ಮುಂಚೆ, ಮಳೆಗೆ ಬಸ್ಸು ಕೆಟ್ಟು ನಿಂತ ದಿನ. ಪ್ರತಿ ಸಲವೂ ಪರದೆ ಹೌದು ಅನ್ನುತ್ತಿತ್ತು. ಅಪ್ಪಾಜಿಯವರು ಕುರ್ಚಿ ಎಳೆದುಕೊಂಡು ಮುಂದೆಯೇ ಬಂದು ಕೂತರು.

ಆಗ ರೇಣುಕಾಪ್ರಸಾದ್ ಕೈ ಎತ್ತಿದರು. "ನವೆಂಬರ್ ನಾಲ್ಕು."

"ಹೋದ ಹುಣ್ಣಿಮೆಯ ಹಿಂದಿನ ದಿನ," ಅಂದಳು ಆಶಾರಾಣಿ.

ನರಸಿಂಹಮ್ಮ ಬೆರಳು ಮಡಿಸಿದಳು, ಬಿಚ್ಚಿದಳು. ಆಶಾರಾಣಿಯ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಮೈಕಿಗೆ ಕೇಳಿಸೀತು ಅಂತ ಅದನ್ನು ದೂರ ಸರಿಸಿದಳು.

"ಅವತ್ತು ಕೋಮಲಾಗೆ ಜ್ವರ. ಅವಳ ಬದಲು ಯಾರೂ ಕೂರ್ಲಿಲ್ಲ ಸಾ," ನರಸಿಂಹಮ್ಮ ತಲೆ ತಗ್ಗಿಸಿ ಹೇಳಿದಳು. "ನಾನೇ ಕೂರ್ಬೇಕಿತ್ತು. ಬಸ್ಸು ತಪ್ಪೋಯ್ತು. ಒಂದು ಕುರ್ಚಿ ಖಾಲಿ. ತಪ್ಪು ನಂದೇ."

ಪರದೆ ನಿಧಾನವಾಗಿ ಉರುಳಿ ನಿಂತಿತು. ಆ ದಿನ ಕೋಮಲಾಳ ಪಾಳಿಯ ಒಟ್ಟು ಹಾಜರಿ: ನಲವತ್ತೊಂದು.

ಸಭಾಂಗಣ ಸಿಡಿದ ಹಾಗೆ ಚಪ್ಪಾಳೆ. ಅಪ್ಪಾಜಿಯವರು ಎದ್ದು, "ಏನ್ ತಾಯಿ, ನಮ್ ಫ್ಯಾಕ್ಟ್ರಿಗೆ ಬಂದ್ಬಿಡಮ್ಮ, ಹಾಜರಿ ನೋಡೋ ಇಡೀ ಟೈಮ್ ಆಫೀಸು ನಿಂಗೇ ಬಿಟ್ಕೊಡ್ತೀನಿ!" ಅಂದರು. "ಅಪ್ಪಾಜಿ ಸಾರ್, ನಮ್ಮೋರನ್ನ ನಮ್ಮ ಮುಂದೇನೇ ಕದೀಬೇಡಿ!" ಅಂತ ಆಶಾರಾಣಿ ಮೈಕಿನಲ್ಲೇ ಕೂಗಿದಳು.

ರೇಣುಕಾಪ್ರಸಾದ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರು ಕೆಟ್ಟವರಲ್ಲ, ಪಳಗಿದ ಮನುಷ್ಯ. ಗದ್ದಲ ಇಳಿಯುವವರೆಗೆ ಕಾದು ಕೇಳಿದರು: "ಜ್ಞಾಪಕಶಕ್ತಿ ಒಪ್ಪಿದೆ. ಆದ್ರೆ ಅವತ್ತಿನ ಪಾಳಿ ಪಟ್ಟೀಲಿ ಹೆಸರಿಲ್ಲದೋರಿಗೆ ಲೈನಲ್ಲಿ ಬೆರಳಿಗೆ ಪೆಟ್ಟಾದ್ರೆ? ಯಾಕೆ ಅಲ್ಲಿ ಕೂರಿಸಿದ್ರಿ ಅಂತ ನನ್ನನ್ನೇ ಕೇಳ್ತಾರೆ. ಮುಯ್ಯಿ ತೀರಿಸೋಕೆ ಒಬ್ಬಳೇ ಹದಿನಾರು ಗಂಟೆ ಕೂತ್ರೆ?"

ಇದು ಸರಿಯಾದ ಪ್ರಶ್ನೆ, ಆಶಾರಾಣಿ ಎರಡು ದಿನದಿಂದ ಇದಕ್ಕೇ ಹೆದರಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ನರಸಿಂಹಮ್ಮ ಅವರ ಕಡೆ ತಿರುಗಿ ಕೂತಳು.

"ಅದೆಂಗಾಯ್ತದೆ ಸಾ? ಒಂದಿನಕ್ಕೆ ಒಬ್ಬಳು ಎರಡು ಹೊಲ ಕೊಯ್ತಾಳಾ? ಒಂದಿನಕ್ಕೆ ಒಂದೇ ಪಾಳಿ. ರಾತ್ರಿ ಹತ್ತಕ್ಕೆ ಬುಟ್ಟೋಳು ಬೆಳಗ್ಗೆ ಆರಕ್ಕೆ ಬರೋಂಗಿಲ್ಲ. ಆ ಕೆಲ್ಸ ಬರ್ದೇ ಇರೋಳನ್ನ ಆ ಕುರ್ಚೀಲಿ ಕೂರ್ಸೋಂಗಿಲ್ಲ. ಇದು ನಮ್ಮ ಕಟ್ಟು."

ಆಶಾರಾಣಿ ಪರದೆಯ ಮೇಲೆಯೇ ಹಾಳೆಯನ್ನು ಸೋಸಿದಳು. ಮೂರೂವರೆ ತಿಂಗಳಲ್ಲಿ ಒಂದೇ ದಿನ ಎರಡು ಪಾಳಿ ಮಾಡಿದವರು: ಸೊನ್ನೆ.

"ಸರ್, ನೀವು ಹೇಳಿದ ಅಪಾಯ ನಿಜ," ಅಂದಳು. "ಬಚ್ಚಿಟ್ಟು ಮಾಡಿದ್ರೇನೇ ಅದು ಅಪಾಯ. ಕನ್ನಡದಲ್ಲಿ ಒಂದು ಅರ್ಧ ಹಾಳೆ ಮಾಡೋಣ. ಹಿಂದಿನ ದಿನವೇ ಇಬ್ಬರ ಸಹಿ, ಸೂಪರ್‌ವೈಸರ್ ಸಹಿ. ಆವಾಗ ಪಟ್ಟೀಲಿ ಹೆಸರೂ ಇರುತ್ತೆ, ಕಟ್ಟೂ ಉಳಿಯುತ್ತೆ. ಜನ ಯಾಕೆ ಬಿಡ್ತಾರೆ ಅಂತ ನಾವಿಲ್ಲಿ ಬೆಳಗ್ಗೆಯಿಂದ ಮಾತಾಡ್ತಿದೀವಿ. ಇವರು ಹನ್ನೊಂದು ತಿಂಗಳಿಂದ ಬಿಡದೇ ಇರೋದು ಹೆಂಗೆ ಅಂತ ತೋರಿಸಿಬಿಟ್ಟಿದಾರೆ."

ರೇಣುಕಾಪ್ರಸಾದ್ ಕನ್ನಡಕ ತೆಗೆದು ಒರೆಸಿದರು. ಅದು ಅವರು ಯೋಚಿಸುವ ರೀತಿ.

"ಮೂರು ತಿಂಗಳು," ಅಂದರು ಕೊನೆಗೆ. "ಆ ಅರ್ಧ ಹಾಳೆ ಇವತ್ತು ಸಂಜೆಯೊಳಗೆ ನನ್ನ ಕೈಗೆ ಬರಬೇಕು. ಮೂರು ತಿಂಗಳು ನಡೆಸಿ ನೋಡೋಣ, ಒಂದು ಅವಘಡ ಆದ್ರೂ ನಿಲ್ಲಿಸ್ತೀನಿ. ಕಾಂಟ್ರ್ಯಾಕ್ಟ್ ಜನ ಸೋಮವಾರ ಬರಲ್ಲ. ಖಾಯಂ ಪತ್ರಕ್ಕೆ ಸಹಿ ಹಾಕ್ತೀನಿ, ಹತ್ತೊಂಬತ್ತಕ್ಕೂ." ಎದ್ದು ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. "ಮತ್ತೆ ಆಶಾರಾಣಿ, ಮುಂದಿನ ಸಲ ಪಟ್ಟಿ ಕಳಿಸೋ ಮೊದಲು ಒಂದು ಸಲ ಬಸ್ಸು ಹತ್ತಿ."

ಆ ಅರ್ಧ ಹಾಳೆಯನ್ನು ಊಟದ ಮೇಜಿನ ಮೇಲೆಯೇ ಬರೆದರು. ಬರೆದದ್ದು ಆಶಾರಾಣಿ, ಹೇಳಿದ್ದು ನರಸಿಂಹಮ್ಮ, ಸುತ್ತ ನಿಂತು ಮೂಗು ತೂರಿಸಿದ್ದು ಹತ್ತು ಕಾರ್ಖಾನೆಗಳ ಎಚ್.ಆರ್.ನವರು. ಆಶಾರಾಣಿ 'ಪರಸ್ಪರ ಪಾಳಿ ವಿನಿಮಯ ಕೋರಿಕೆ ಪತ್ರ' ಅಂತ ತಲೆಬರಹ ಬರೆದಾಗ ನರಸಿಂಹಮ್ಮ ಮುಖ ಕಿವುಚಿದಳು. "ಇದ್ನ ಓದೋ ಹೊತ್ಗೆ ಪಾಳಿನೇ ಮುಗ್ದೋಯ್ತದೆ ಮೇಡಂ." ಅದನ್ನು ಹೊಡೆದು 'ಮುಯ್ಯಿ ಚೀಟಿ' ಅಂತ ಬರೆದರು.

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಪತ್ರ ಹಂಚಿದರು. ಹತ್ತು ಹನ್ನೆರಡು ಜನ ಅಲ್ಲೇ ಅತ್ತರು, ಉಳಿದವರು ಅತ್ತವರನ್ನು ನೋಡಿ ನಕ್ಕರು. ಗಂಗರಾಜು ತಾನೇ ಖಾಯಂ ಆದವನ ಹಾಗೆ ಲೈನಿನ ತುಂಬ ಓಡಾಡಿದ. ಒಂದು ಪತ್ರ ಮಾತ್ರ ಆಶಾರಾಣಿಯ ಕೈಯಲ್ಲೇ ಉಳಿಯಿತು. ಶನಿವಾರದ ಪಾಳಿಗೆ ಬದಲಾಗಿ ನರಸಿಂಹಮ್ಮ ಇವತ್ತು, ಪತ್ರಕ್ಕೆಂದೇ ಬೆಳಗ್ಗೆ ಬಂದು ಹೋದ ಕೋಮಲಾಳ ಎರಡನೇ ಪಾಳಿಗೆ ಬರುವವಳು.

ಒಂದೂವರೆಗೇ ಆಶಾರಾಣಿ ಗೇಟಿನಲ್ಲಿ ನಿಂತಿದ್ದಳು. ನರಸಿಂಹಮ್ಮ ಬಂದು, ಲಕೋಟೆ ಹರಿದು, ಅಡವಿಯಪ್ಪನಿಗೂ ಕೇಳುವ ಹಾಗೆ ಒಂದೊಂದೇ ಸಾಲು ಗಟ್ಟಿಯಾಗಿ ಓದಿದಳು. ಮಡಿಸಿ ಚೀಲದೊಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಆಶಾರಾಣಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಶನಿವಾರ ನಿಮ್ಮ ಕೆಲ್ಸಕ್ಕೆ ನಾನು ಬಂದೆ. ಭಾನುವಾರ ನಮ್ಮ ಹೊಲ್ದಲ್ಲಿ ರಾಗಿ ಕೊಯ್ಲು. ಒಂದು ಆಳು ಕಮ್ಮಿ ಅದೆ."

"ನರಸಿಂಹಮ್ಮ, ನಾನು ಕುಡುಗೋಲು ಮುಟ್ಟಿ ಹದಿನೈದು ವರ್ಷ ಆಯ್ತು ಕಣ್ರೀ!"

"ಆಗ್ಲಿ ಬುಡಿ. ಮೊದ್ಲ ದಿನ ಟ್ರೈನಿ ಅಂತ ಬರ್ಕೊತೀನಿ."

ಅಡವಿಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡನೇ ಪಾಳಿಯ ಗಂಟೆ ಹೊಡೆಯಿತು, ನರಸಿಂಹಮ್ಮ ಒಳಗೆ ಓಡಿದಳು. ಆಶಾರಾಣಿ ಅಲ್ಲೇ ನಿಂತು ಕುಣಿಗಲ್ಲಿಗೆ ಫೋನ್ ಹಚ್ಚಿದಳು.

"ಅವ್ವಾ, ನಿನ್ನ ಕುಡುಗೋಲು ಎಲ್ಲಿದೆ? ಭಾನುವಾರ ನಾನು ಮುಯ್ಯಿಗೆ ಹೋಗ್ಬೇಕು!"